ಯಜಮಾನರ ಸೋಫಾ

ಫೋನಿನಲ್ಲಿ ನನ್ನ ಚಿಕ್ಕಮ್ಮನನ್ನು ಎಲ್ಲರೂ 'ಸಾರ್' ಅನ್ನುತ್ತಾರೆ. ಅವಳು ತಿದ್ದುವುದಿಲ್ಲ, 'ಹೇಳಪ್ಪಾ' ಅನ್ನುತ್ತಾಳೆ. ಅಷ್ಟು ದಪ್ಪ ದನಿ. ಆ ದನಿಯಲ್ಲಿ ಅವಳು ಮೊದಲ ಬಾರಿಗೆ ಒಂದು ಹಾಡು ರೆಕಾರ್ಡ್ ಮಾಡಿಸಿದ್ದಳು, ನಾನು ಕೆಲಸಕ್ಕಿರುವ ಸ್ಟುಡಿಯೋದಲ್ಲೇ. ಮಿಕ್ಸಿಂಗ್ ನನ್ನದು.

ಸ್ಟುಡಿಯೋದ ಯಜಮಾನರು ಹಿಂದಿನ ಗೋಡೆಗೆ ಒತ್ತಿಕೊಂಡಿದ್ದ ತಮ್ಮ ಸೋಫಾದಲ್ಲಿ ಕೂತು ಕೇಳಿದರು. ಇಲ್ಲಿ ಪ್ರತಿ ಹಾಡಿನ ಹಣೆಬರಹವೂ ನಿರ್ಧಾರವಾಗುವುದು ಅಲ್ಲಿಂದಲೇ.

"ಗಡಿಗೆಯೊಳಗೆ ತಲೆ ಹಾಕಿ ಹಾಡಿದ ಹಾಗಿದೆ. ದನಿಯಲ್ಲಿ ಕೆಳಗಿರೋದೆಲ್ಲ ಕತ್ತರಿಸಮ್ಮ. ಹೆಂಗಸರಿಗ್ಯಾಕೆ ಅಷ್ಟು ಮಂದ್ರ?"

"ನೆಗಡಿ ಬಂತು ಅಂತ ಮೂಗು ಕೊಯ್ತಾರಾ?" ಎಂದಳು ನನ್ನ ಪಕ್ಕದಲ್ಲಿದ್ದ ಚಿಕ್ಕಮ್ಮ.

"ಹಾಡೋದು ನಿಮ್ಮ ಕೆಲಸ. ಇದು ನಮ್ದು, ಬಿಡಿ."

ನಾನು ಮಂದ್ರ ಕತ್ತರಿಸುವ ಫಿಲ್ಟರ್ ತಿರುಗಿಸಿದೆ. ದನಿ ಸೊರಗುತ್ತಾ ಹೋಗಿ ದಾರದಷ್ಟಾಯಿತು. ಚಿಕ್ಕಮ್ಮ ಸ್ಪೀಕರನ್ನೇ ನೋಡುತ್ತಿದ್ದಳು.

"ಇದ್ಯಾರೇ ಹಾಡ್ತಿರೋದು?"

ಬಾಯಲ್ಲಿ ಬೆರಳಿಟ್ಟರೂ ಕಚ್ಚದವಳು ಎಂದು ಮನೆಯಲ್ಲಿ ನನಗೆ ಹೆಸರು. ಮಂದ್ರದ ಸದ್ದು ಗೋಡೆಗೆ ಬಡಿದು ಅಲ್ಲೇ ಗುಡ್ಡೆ ಬೀಳುತ್ತದೆ, ಸೋಫಾದಲ್ಲಿ ಕೂತವರಿಗೆ ಇದ್ದದ್ದು ದುಪ್ಪಟ್ಟಾಗಿ ಕೇಳುತ್ತದೆ. ಅದನ್ನು ನಂಬಿ ಕತ್ತರಿಸಿದ್ದಕ್ಕೇ ಇಲ್ಲಿಂದ ಹೋದ ಹಾಡುಗಳೆಲ್ಲ ಬಡಕಲು. ಮನಸ್ಸಿನಲ್ಲಿ ಇದನ್ನು ಸಾವಿರ ಸಲ ಹೇಳಿದ್ದೆ.

ಫಿಲ್ಟರನ್ನು ವಾಪಸು ತಿರುಗಿಸಿದೆ.

"ಕತ್ತರಿಸಲ್ಲ ಸಾರ್. ತೊಂದರೆ ದನೀದಲ್ಲ, ಗೋಡೇದು. ಒಂದ್ಸಲ ನನ್ನ ಕುರ್ಚೀಲಿ ಕೂತು ಕೇಳಿ."

"ನಿನ್ನ ವಯಸ್ಸಿನಷ್ಟು ವರ್ಷ ಇಲ್ಲೇ ಕೂತು ಕೇಳಿದೀನಿ. ಏಳಲ್ಲ."

"ಏಳಬೇಡಿ."

ಹಾಡನ್ನು ಮೊದಲಿನಿಂದ ಹಾಕಿ, ಹೋಗಿ ಸೋಫಾದ ಒಂದು ಕೈ ಹಿಡಿದು ಎಳೆದೆ. ಅಲುಗಲಿಲ್ಲ. ಚಿಕ್ಕಮ್ಮ ಸೆರಗು ಸಿಕ್ಕಿಸಿ ಇನ್ನೊಂದು ಕೈ ಹಿಡಿದಳು.

"ಕಾಲು ಮೇಲಿಟ್ಕೊಳ್ಳಿ, ಯಜಮಾನ್ರೇ."

ಅವರು ಕಾಲು ಮೇಲಿಟ್ಟುಕೊಂಡರು. ಸೋಫಾ ಕಿರುಗುಟ್ಟುತ್ತಾ ಮುಂದೆ ಬಂತು. ಕೋಣೆ ತುಂಬಿದ್ದ ಗುಂಯ್‌ಗುಡುವಿಕೆ ಇಳಿಯುತ್ತಾ ಬಂದು, ಅದರೊಳಗಿಂದ ಚಿಕ್ಕಮ್ಮನ ದನಿ ಒಂಟಿಯಾಗಿ, ನೆಟ್ಟಗೆ ನಿಂತಿತು. ಯಜಮಾನರು ಕತ್ತು ಓರೆ ಮಾಡಿದರು.

"ಹಿಂದಕ್ಕೆ ತಳ್ಳಿ."

ತಳ್ಳಿದೆವು. ಗಡಿಗೆ ಮರಳಿ ಬಂತು.

"ಮುಂದಕ್ಕೆ."

ಎಳೆದೆವು. ಹಾಡು ಮುಗಿಯುವವರೆಗೂ ಅವರು ಅಲ್ಲೇ ಕೂತು ಕೇಳಿದರು.

"ಗೋಡೆ ವಿಷಯ ಒಪ್ಪಿದೆ," ಎಂದರು ಕೊನೆಗೆ. "ಆದ್ರೂ ಒಂಚೂರು ಕತ್ತರಿಸು. ಇಂಥ ದನಿ ಜನಕ್ಕೆ ಅಭ್ಯಾಸ ಇಲ್ಲ."

ನಾನು ನನ್ನ ಕುರ್ಚಿಗೆ ಮರಳಿದೆ.

"ಅಭ್ಯಾಸ ಮಾಡ್ಕೊಳ್ಳಲಿ ಸಾರ್. ಬೇಕಾದ್ರೆ ಡ್ರಮ್ಮನ್ನ ತಗ್ಗಿಸ್ತೀನಿ, ಅದು ದನಿಯ ಜಾಗದಲ್ಲಿ ಬಂದು ಕೂತಿದೆ. ದನಿ ಮುಟ್ಟಲ್ಲ."

"ಬೇರೆಯವರ ಕೈಲಿ ಮಾಡಿಸ್ತೀನಿ."

"ಮಾಡಿಸಿ. ಅವರಿಗೂ ಸೋಫಾ ಎಳೆದು ತೋರಿಸ್ತೀನಿ."

ಅವರು ಚಿಕ್ಕಮ್ಮನ ಕಡೆ ತಿರುಗಿದರು. "ನಿಮ್ಮ ಅಕ್ಕನ ಮಗಳಿಗೆ ಇಷ್ಟು ಬಾಯಿ ಯಾವಾಗಿಂದ?"

"ಈಗ ತಾನೇ ಬಂತು," ಎಂದಳು ಚಿಕ್ಕಮ್ಮ, ಸೋಫಾದ ಕೈ ಮೇಲೆ ಕೂತು ಬೆವರೊರೆಸಿಕೊಳ್ಳುತ್ತಾ.

ಯಜಮಾನರು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ನಾನು ಹೂಂಗೆ ಕಾಯಲಿಲ್ಲ. ಡ್ರಮ್ ತಗ್ಗಿಸಿದೆ, ದನಿಯನ್ನು ಇದ್ದಂತೆಯೇ ಬಿಟ್ಟು ಹಾಡನ್ನು ಅಂತಿಮ ಮಾಡಿದೆ.