ಎಂಟು ಸ್ಟಾಪು

"ಗೋ! ಜೋ ಅಲ್ಲ, ಗೋ!" ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದ ಮೈಕ್ ಮಾಮ ಹಣೆ ಚಚ್ಚಿಕೊಂಡ. ಒಡೆದ ದನಿ ಗೊರಗೊರ ಎಂದಿತು. "ಇನ್ನೊಂದ್ಸಲ ಹೇಳು."

"ಲರಿಂಜೋ..." ಎಂದಳು ಹೆಂಡತಿ, ಅವನ ಅಂಗಿಗೆ ಗುಂಡಿ ಹೊಲಿಯುತ್ತ.

ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಊರುಗಳ ಹೆಸರು ಕೂಗಿದವನು ಅವನು. ಯಾವ ಊರಿನ ಹೆಸರಿನಲ್ಲೂ ಅರ್ಧ ಅಕ್ಷರ ನುಂಗಿದವನಲ್ಲ. ನಾಳೆ ಬೆಳಿಗ್ಗೆ ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ. ಆಮೇಲೆ ಈ ದನಿ ಇಲ್ಲ. ಅದನ್ನು ಹೇಗೋ ಒಪ್ಪಿಕೊಂಡಿದ್ದ. ಆದರೆ ನೋಡಲು ಬಂದವರೆಲ್ಲ ಯಾವ ಆಪರೇಷನ್ ಎಂದು ಕೇಳುವುದು, ಇವಳು ಅದರ ಹೆಸರನ್ನು ತಪ್ಪುತಪ್ಪಾಗಿ ಹೇಳುವುದು, ತಾನು ಪಕ್ಕದಲ್ಲೇ ಮಲಗಿ ತಿದ್ದಲಾರದೆ ಕೇಳಿಸಿಕೊಳ್ಳುವುದು! ನೆನೆದರೇ ಮೈ ಉರಿಯುತ್ತಿತ್ತು.

"ನೋಡು, ಎಂಟೇ ಸ್ಟಾಪು," ಎಂದು ಬೆರಳು ಮಡಚಿದ. "ಲ, ರಿಂ, ಗೋ, ಫ್ಯಾ, ರಿಂ, ಜೆಕ್, ಟ, ಮಿ. ಎಲ್ಲಾ ಸ್ಟಾಪಲ್ಲೂ ನಿಲ್ಸಿಕೊಂಡು ಹೋಗು. ಆಮೇಲೆ ಎಕ್ಸ್‌ಪ್ರೆಸ್ ಬಿಡುವಿಯಂತೆ."

"ಲ, ರಿಂ, ಜೋ..."

"ಅಯ್ಯೋ ನನ್ನ ಕರ್ಮವೇ! ಬೆಳಗಿಂದ ಬಡ್ಕೊಳ್ತಿದೀನಿ. ದಿನಾ ಅಷ್ಟುದ್ದ ಮಾತಾಡ್ತೀಯ, ಒಂದು ಗೋ ಬರಲ್ವಾ?"

"ನಾಲಿಗೆ ಹೊರಳಲ್ಲ ರೀ. ಇನ್ನೊಂದ್ಸಲ ಹೇಳಿ."

ಅಷ್ಟರಲ್ಲಿ ನರ್ಸ್ ಬಂದು, ಕಾಗದಕ್ಕೆ ಸಹಿ ಹಾಕಬೇಕೆಂದು ಅವಳನ್ನು ಪರದೆಯಾಚೆ ಕರೆದಳು.

"ಏನ್ ಆಪರೇಷನ್ ಅಂತ ಗೊತ್ತಲ್ವಾ ಅಮ್ಮ?"

"ಲರಿಂಗೋಫ್ಯಾರಿಂಜೆಕ್ಟಮಿ," ಎಂದಳು ಹೆಂಡತಿ.

ಒಂದೇ ಉಸಿರಿಗೆ, ಎಲ್ಲೂ ಎಡವದೆ. ಮೈಕಿನ ಮುಂದೆ ಕೂತು ಅವನೇ ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ.

"ಅಬ್ಬಾ! ನಮಗೇ ಬರಲ್ಲ. ಯಾವಾಗ ಕಲಿತ್ರಿ?"

"ತಿಂಡಿ ಹೊತ್ತಿಗೇ ಬಂದಿತ್ತು. ಮೆಲ್ಲಗೆ ಮಾತಾಡಿ ಸಿಸ್ಟರ್, ಅವರಿಗೆ ಕೇಳ್ಸುತ್ತೆ."

ಮೈಕ್ ಮಾಮನಿಗೆ ರೇಗಿಹೋಯಿತು. ಇಡೀ ದಿನ ತನ್ನನ್ನು ಕುಣಿಸಿದಳಲ್ಲ! ಬರಲಿ, ಸರಿಯಾಗಿ ಜಾಡಿಸುತ್ತೇನೆ ಎಂದು ನೆಟ್ಟಗೆ ಕೂತ.

ಅವಳು ಬಂದು ಮತ್ತೆ ಅಂಗಿ ಎತ್ತಿಕೊಂಡಳು. ಗುಂಡಿಗಳೆಲ್ಲ ಆಗಲೇ ಮುಗಿದಿದ್ದವು. ಗಟ್ಟಿಯಾಗಿಯೇ ಇದ್ದ ಒಂದು ಗುಂಡಿಯೊಳಗೆ ಸೂಜಿ ತೂರಿಸುತ್ತ, ತಲೆ ಎತ್ತದೆ ಕೇಳಿದಳು:

"ಎಲ್ಲಿದ್ವಿ ರೀ? ಲ, ರಿಂ, ಜೋ..."

ಜಾಡಿಸಲೆಂದು ಬಾಯಿ ತೆರೆದವನು ಅವಳ ಸೂಜಿಯತ್ತ ನೋಡಿದ. ಲೋಟದ ನೀರನ್ನು ಒಂದು ಗುಟುಕು ಕುಡಿದ. ಮೊದಲ ಬೆರಳು ಮಡಚಿದ.

"ಜೋ ಅಲ್ಲ ಕಣೇ," ಎಂದ. "ಗೋ. ಮೊದಲಿಂದ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ."

ಅವಳು ಸೂಜಿ ಕೆಳಗಿಟ್ಟಳು.