ಒಬ್ಬೊಬ್ಬರನ್ನೇ ಕೇಳುವ ರೆಮಿಜಿಯಸ್

ಓಯ್, ರಸ್ತೆಯಾಚೆ ಚಾ ಹಿಡಿದು ನಿಂತವರೇ, ಸ್ವಲ್ಪ ಈಚೆ ಕಿವಿ ಕೊಡಿ! ಕತಾರಿನ ಮೆಸಯೀದಿನ ಬಿಸಿಲಲ್ಲೂ ಕಂದು ಕೋಟು ಬಿಚ್ಚದ, ನೋಯುವ ಮಂಡಿಯಿಂದಾಗಿ ಬಸ್ಸಿನೊಳಗೆ ಏಡಿಯಂತೆ ಅಡ್ಡಡ್ಡ ನಡೆಯುವ ರೆಮಿಜಿಯಸ್ ಇಬ್ಬರನ್ನು ಒಟ್ಟಿಗೆ ಏನನ್ನೂ ಕೇಳುವವರಲ್ಲ. ಮನೆಗೆ ಬಂದ ನೆಂಟರಿಗೆ ಚಹಾ ಬೇಕೇ ಎಂಬುದನ್ನೂ ಒಬ್ಬೊಬ್ಬರ ಮುಂದೆ ಬಾಗಿ ವಿಚಾರಿಸುತ್ತಾರೆ.

"ಇದೆಂತ ಪೊಲೀಸ್ ಸ್ಟೇಷನ್ನಾ?" ಎಂದು ಹೆಂಡತಿ ರೋಸಿ ಗೇಲಿ ಮಾಡುತ್ತಾಳೆ.

ಉಡುಪಿ ಕಡೆಯ ಅವರಿಗೆ ಗುತ್ತಿಗೆ ಕಂಪನಿಯೊಂದರಲ್ಲಿ, ಹೊಸದಾಗಿ ಬಂದಿಳಿದ ಕಾರ್ಮಿಕರನ್ನು ಮಾತಾಡಿಸಿ ಕೆಲಸದ ಜಾಗಕ್ಕೆ ಕಳಿಸುವ ಹೊಣೆ. ಅವರು "ಯಲ್ಲಾ", ಅಂದರೆ ಹೊರಡು, ಎನ್ನದೆ ಚಾಲಕ ಮೊಯ್ದಿನ್ ಕುಂಞಿ ಬಸ್ಸು ಬಿಡುವುದಿಲ್ಲ. ಹಳೆಯ ಹಡಗುಗಳ ಚರಿತ್ರೆ ಓದುವುದು ರೆಮಿಜಿಯಸ್ ಅವರ ಹುಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ, ಚೀನೀ ವಲಸಿಗರನ್ನು ತುಂಬಿಕೊಂಡ ಹಡಗು ಹಾಂಗ್‌ಕಾಂಗಿನಿಂದ ಹೊರಡುವ ಮುನ್ನ, ಎಲ್ಲಿಗೆ ಹೋಗುತ್ತಿದ್ದೇವೆಂಬುದು ಅವರಿಗೆ ಗೊತ್ತಿದೆಯೇ ಎಂದು ಅಧಿಕಾರಿಯೊಬ್ಬ ಖಚಿತಪಡಿಸಿಕೊಳ್ಳಬೇಕೆಂಬ ಕಾನೂನು ಬಂದಿತ್ತು. ಆದರೆ ದಲ್ಲಾಳಿ ಮೊದಲೇ 'ಹೌದು' ಎನ್ನಲು ಕಲಿಸಿಟ್ಟಿದ್ದರೆ? ಅದು ಹೊಳೆದಂದಿನಿಂದ ರೆಮಿಜಿಯಸ್, ಹೌದೆಂದು ಮುಗಿಸಬಹುದಾದ ಪ್ರಶ್ನೆಯನ್ನೇ ಬಿಟ್ಟುಬಿಟ್ಟರು.

ಮೊನ್ನೆ ಬೆಳಿಗ್ಗೆ, ರಾಸಾಯನಿಕ ಟ್ಯಾಂಕು ತೊಳೆಯಲು ಹೊರಟ ಬಸ್ಸಿನ ಹಿಂದಿನ ಸೀಟಿನಲ್ಲಿ ತನಿಯನೆಂಬ ಹುಡುಗ ಕೂತಿದ್ದ.

"ಊರಲ್ಲಿ ನಿಂಗೆ ಎಂತ ಕೆಲಸ ಅಂತ ಹೇಳಿದ್ದು?"

"ಡ್ರೈವರ್, ಸರ್."

ರೆಮಿಜಿಯಸ್ "ಯಲ್ಲಾ" ಎನ್ನಲಿಲ್ಲ. ಮ್ಯಾನೇಜರ್ ಅಕ್ಷಯ್‌ನ ಫೋನು ಬಂತು. "ರೆಮಿ ಅಂಕಲ್, ಖಲಾಸ್ ಮಾಡಿ, ಗಾಡಿ ಬಿಡಿ."

"ಸುಳ್ಳು ಹೇಳಿ ತಂದಿದ್ದಾರೆ ಮಾರಾಯ ಇವನನ್ನು. ಇಳಿಸ್ತೇನೆ. ದೂರು ಕೊಡ್ತೇನೆ."

ತನಿಯ ಕೋಟಿನ ತೋಳು ಹಿಡಿದ. "ಇಳಿಸ್ಬೇಡಿ ಸರ್. ಡ್ರೈವರ್ ಹೊರಟ ಅಂತ ಇಡೀ ಊರೇ ಬಸ್ ಸ್ಟ್ಯಾಂಡಿಗೆ ಬಂದಿತ್ತು. ಈಗ ಯಾವ ಮುಖ ಹೊತ್ತು ಅಲ್ಲಿ ಇಳಿಯೋದು?"

"ಟ್ಯಾಂಕು ತೊಳೆಯೋ ಕೆಲಸ ಅಂತ ಗೊತ್ತಿದ್ದೂ ಹೋಗ್ತೀಯಾ?"

"ಹೌದು, ಸರ್."

ಬಿಟ್ಟುಬಿಟ್ಟಿದ್ದ ಬಗೆಯ ಪ್ರಶ್ನೆಯನ್ನೇ ತಾವು ಕೇಳಿಬಿಟ್ಟದ್ದು ರೆಮಿಜಿಯಸ್‌ಗೆ ಆಮೇಲೆ ಅರಿವಾಯಿತು. ಇದು ಯಾರೂ ಕಲಿಸದ 'ಹೌದು'.

"ಯಲ್ಲಾ," ಎಂದರು, ಮೊಯ್ದಿನ್‌ಗೆ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಹೊಸಿಲಲ್ಲಿ ನಿಂತು ಕೇಳುವವರ ಪಾಡೇ ಇದು. ದಲ್ಲಾಳಿಯ ಮೋಸ ಅವರ ಕಣ್ಣಿಗೆ ಬೀಳುತ್ತದೆ; ನಾಚಿಕೆಗೆ ಅಂಜಿ ತಾನೇ ಹಡಗು ಹತ್ತುವವನ ಮುಂದೆ ಅವರು ಬರಿಗೈಯಲ್ಲಿ ನಿಲ್ಲುತ್ತಾರೆ.

ಸಂಜೆ ಕ್ಯಾಂಪಿನಲ್ಲಿ, ಮೈಯೆಲ್ಲ ಟ್ಯಾಂಕಿನ ನಾತದ ತನಿಯ, ಮೊಯ್ದಿನ್ ಇಳಿದ ಸೀಟಿಗೆ ಹತ್ತಿ ಸ್ಟೇರಿಂಗ್ ಹಿಡಿದ. "ಒಂದು ಫೋಟೋ ತೆಗೀತೀರಾ ಸರ್? ಅಮ್ಮನಿಗೆ ಕಳಿಸ್ಲಿಕ್ಕೆ."

ರೆಮಿಜಿಯಸ್ ಅವನ ಕಲೆಗಟ್ಟಿದ ಅಂಗಿಯನ್ನು ನೋಡಿದರು. ಕೋಟು ಬಿಚ್ಚಿ ಅವನಿಗೆ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿ, ಫೋಟೋ ತೆಗೆದರು.