ಅಭಿಪ್ರಾಯದ ಪೆಟ್ಟಿಗೆ

ಪಾರ್ಕಿನ ಶೌಚಾಲಯ ತೊಳೆಯುವವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಜನ ಕರೆಯುತ್ತಿದ್ದದ್ದು ಮಾತ್ರ ಇಕ್ಕಳ ಎಂದು. ಅಮಲಿಗಾಗಿ ಚುಚ್ಚಿಕೊಂಡವರು ಎಸೆದುಹೋದ ಸೂಜಿಗಳನ್ನು ಅವನು ಅಡುಗೆಮನೆಯ ಇಕ್ಕಳದಲ್ಲಿ ಹೆಕ್ಕುತ್ತಿದ್ದ. "ಇನ್ನು ಹಾಲಿನ ಪಾತ್ರೆ ಯಾವುದ್ರಲ್ಲಿ ಇಳಿಸ್ಲಿ, ನಿನ್ನ ಮೂಗಲ್ಲಾ?" ಎಂದು ಅಮ್ಮ ರೇಗಿದ್ದಳು. ಹೆಂಗಸರ ಕಡೆ ತೊಳೆಯುವುದು ಅವಳ ಕೆಲಸ. ಹಾಗೆ ರೇಗಿದ ಒಂದು ವಾರಕ್ಕೆ, ಕಸದ ಬುಟ್ಟಿ ಅದುಮುವಾಗ ಅವಳ ಅಂಗೈಗೇ ಸೂಜಿ ಹೊಕ್ಕಿತು.

ಏನೂ ಅಂಟಿಲ್ಲವೆಂದು ಖಾತ್ರಿಯಾಗಲು ಮೂರು ತಿಂಗಳು ಕಾಯಬೇಕಿತ್ತು. ಅಷ್ಟು ದಿನವೂ ಅಮ್ಮ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು. ಊಟದಿಂದ ಹರಡೋದಲ್ಲಮ್ಮ ಎಂದು ನರ್ಸು ಬಾಯಿ ನೋಯುವಷ್ಟು ಹೇಳಿದರೂ ಕೇಳಲಿಲ್ಲ. ಏನೂ ಇಲ್ಲ ಎಂಬ ಚೀಟಿ ಬಂದ ದಿನ ಇಕ್ಕಳ ನೀರಿನ ತೊಟ್ಟಿಯ ಹಿಂದೆ ನಿಂತು ಅತ್ತ. ಅತ್ತು ಮುಗಿಸಿ, ಇನ್ನೊಂದು ಸೂಜಿ ಅಮ್ಮನನ್ನು ಮುಟ್ಟಕೂಡದು ಎಂದು ನೆಟ್ಟಗೆ ಆರೋಗ್ಯಾಧಿಕಾರಿಯ ಕಚೇರಿಗೆ ನಡೆದ.

"ಒಂದು ಡಬ್ಬಿ ಹಾಕ್ಸಿ ಸಾರ್. ಮೇಲೊಂದು ಕಂಡಿ, ಪಕ್ಕದಲ್ಲೊಂದು ಬೀಗ. ಒಳಗೆ ಹಾಕಿದ್ದು ಹೊರಗೆ ಬರಬಾರ್ದು, ಅಷ್ಟೇ."

ಅಧಿಕಾರಿ ಕನ್ನಡಕ ಒರೆಸಿದರು. "ಡಬ್ಬಿ ಇಟ್ರೆ, ಬನ್ರಪ್ಪಾ ಚುಚ್ಕೊಳ್ಳಿ ಅಂತ ನಾವೇ ಕರೆದ ಹಾಗಲ್ವೇನಯ್ಯಾ? ಅದೂ ತೆರಿಗೆ ಕಟ್ಟೋರ ದುಡ್ಡಲ್ಲಿ!"

"ಡಬ್ಬಿ ಇಲ್ಲ ಅಂತ ಈಗೇನು ಉಪವಾಸ ಕೂತಿದ್ದಾರಾ ಸಾರ್?"

"ನಾಲಿಗೆ ಉದ್ದ ಆಯ್ತು ನಿಂದು. ಅರ್ಜಿ ಕೊಟ್ಟು ಹೋಗು."

ಕೊಟ್ಟ. ಒಂದಲ್ಲ, ನಾಲ್ಕು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಆ ಹೊತ್ತಿಗೆ ಊರಿನ ದೊಡ್ಡವರಿಗೆ ಚರ್ಚೆಯ ಹುಚ್ಚು ಹತ್ತಿತು. ಮಾದಕ ವಸ್ತುಗಳನ್ನು ಕಾನೂನುಬದ್ಧ ಮಾಡಬೇಕೆ, ಬೇಡವೆ? ಮಾಡಿ ಎನ್ನುವವರು ಒಬ್ಬ ವಕೀಲರು: ನನ್ನ ಮೈ ನನ್ನದು, ಅದರೊಳಗೆ ಏನು ಹೋಗಬೇಕೆಂದು ಹೇಳಲು ಸರ್ಕಾರ ಯಾರು? ಬೇಡ ಎನ್ನುವವರು ವರ್ತಕರ ಸಂಘದ ಅಧ್ಯಕ್ಷರು: ಮೈ ನಿನ್ನದೇ ಇರಲಿ, ಅದು ಕೆಟ್ಟಾಗ ಆಸ್ಪತ್ರೆಯ ಖರ್ಚು ನನ್ನ ತೆರಿಗೆಯಿಂದ ಯಾಕೆ? ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಇಕ್ಕಳನ ಹೊಟ್ಟೆ ಉರಿಸಿದ್ದು ಅದೇ. ಸ್ವಾತಂತ್ರ್ಯ ಒಬ್ಬರ ಪಾಲಿಗೆ, ತೆರಿಗೆ ಇನ್ನೊಬ್ಬರ ಪಾಲಿಗೆ, ಸೂಜಿ ಮಾತ್ರ ಅಮ್ಮನ ಪಾಲಿಗೆ.

ಜನಾಭಿಪ್ರಾಯ ಕೇಳಬೇಕಲ್ಲ? ಚುಚ್ಚಿಕೊಳ್ಳುವವರದೂ ಸೇರಲಿ ಎಂದು ಶೌಚಾಲಯದ ಗೋಡೆಗೇ ಒಂದು ಪೆಟ್ಟಿಗೆ ಬಂತು. ದಪ್ಪ ಸ್ಟೀಲು. ಮೇಲೊಂದು ಕಂಡಿ, ಪಕ್ಕದಲ್ಲೊಂದು ಬೀಗ. ಎಮ್ಮೆ ಕೊಳ್ಳುವವನ ಹಾಗೆ ಇಕ್ಕಳ ಅದನ್ನು ಸುತ್ತಲೂ ತಟ್ಟಿ ನೋಡಿದ.

ಮೊದಲು ಸಿಕ್ಕವನು ಟೈಲರ್. ಹಗಲೆಲ್ಲ ಅಂಗಡಿಯ ಸೂಜಿ, ಊಟದ ಬಿಡುವಿಗೆ ಈ ಸೂಜಿ.

"ಅಣ್ಣಾ, ನೆಲಕ್ಕೆ ಬಿಸಾಕ್ಬೇಡ. ಅದರೊಳಗೆ ಹಾಕು."

"ಅದು ಅಭಿಪ್ರಾಯ ಹಾಕೋದಲ್ವೇನೋ ತಮ್ಮಾ?"

"ನಿಂದು ಬೇರೆ ಅಭಿಪ್ರಾಯ ಇದೆಯಾ?"

ಟೈಲರ್ ನಿಂತು ನಿಜವಾಗಿಯೂ ಯೋಚಿಸಿದ. "ಇಲ್ಲ ಬಿಡು" ಎಂದು ಹಾಕಿದ.

ಅವನಿಂದ ಇನ್ನೊಬ್ಬ, ಇನ್ನೊಬ್ಬನಿಂದ ಹತ್ತು ಜನ. ಎರಡು ವಾರದಲ್ಲಿ ಒಂದು ಸೂಜಿಯೂ ನೆಲದಲ್ಲಿಲ್ಲ. "ಏನೋ, ಎಲ್ಲರೂ ಒಟ್ಟಿಗೆ ಬಿಟ್ಟುಬಿಟ್ರಾ?" ಎಂದು ಅಮ್ಮ ಬೆರಗಾದಳು. ಇಕ್ಕಳ ಪೆಟ್ಟಿಗೆ ತೋರಿಸಿದ. ಅಮ್ಮ ನಕ್ಕು, ಅಂದೇ ಇಕ್ಕಳವನ್ನು ಕುದಿಯುವ ನೀರಲ್ಲಿ ಅದ್ದಿ ಮತ್ತೆ ಒಲೆಯ ಪಕ್ಕ ತೂಗುಹಾಕಿದಳು.

ಚರ್ಚೆಯ ದಿನ ಸಭಾಂಗಣದ ನೆಲ ಒರೆಸಿದ್ದು ತಾಯಿ ಮಗನೇ. ಒರೆಸಿ, ಹಿಂದಿನ ಗೋಡೆಗೆ ಆತು ನಿಂತಿದ್ದರು. ಎರಡು ಗಂಟೆ ಮಾತಿನ ಮಳೆ ಸುರಿದ ಮೇಲೆ ಪೆಟ್ಟಿಗೆ ವೇದಿಕೆಗೆ ಬಂತು.

"ತುಂಬಿ ಹೋಗಿದೆ!" ಅಧಿಕಾರಿ ಹಿಗ್ಗಿದರು. "ನೋಡಿ ನಮ್ಮ ಜನರ ಕಾಳಜಿ!" ಬೀಗ ತೆಗೆದರು. ಮುಖ ಸಭೆಯ ಕಡೆ, ಕೈ ಪೆಟ್ಟಿಗೆಯ ಕಡೆ.

ಹೀಗಾಗುತ್ತದೆಂದು ಇಕ್ಕಳ ಎಣಿಸಿರಲಿಲ್ಲವೆಂದರೆ ಸುಳ್ಳು. ಎಣಿಸಿದ್ದ. ಈಗ ಕೂಗಬೇಕಿತ್ತು, ಕೂಗಲಿಲ್ಲ. ಚುಚ್ಚಲಿ. ಇವನೂ ಮೂರು ತಿಂಗಳು ತಟ್ಟೆ ಬೇರೆ ಇಟ್ಟುಕೊಳ್ಳಲಿ.

"ಕೈ ಹಾಕ್ಬೇಡಿ ಸ್ವಾಮೀ!"

ಕೂಗಿದ್ದು ಅಮ್ಮ. ನೆಲ ಒರೆಸುವ ಕೋಲು ಹಿಡಿದೇ ಓಡಿದವಳು ಅಧಿಕಾರಿಯ ಮಣಿಕಟ್ಟು ಹಿಡಿದು ಎಳೆದಳು. ಆಮೇಲೆ ತಿರುಗಿ ಮಗನನ್ನು ಒಂದು ಸಲ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪೆಟ್ಟಿಗೆ ಮಗುಚಿದರು. ಇನ್ನೂರ ಹದಿನಾಲ್ಕು ಸೂಜಿ, ಆರು ಚೀಟಿ.

"ನೋಡಿ!" ವಕೀಲರು ಎದ್ದರು. "ಅವರ ಪಾಡಿಗೆ ಬಿಟ್ರೆ ಜನ ಎಷ್ಟು ಜವಾಬ್ದಾರಿಯಿಂದ ನಡ್ಕೋತಾರೆ!"

"ನೋಡಿ!" ಅಧ್ಯಕ್ಷರೂ ಎದ್ದರು. "ಇಷ್ಟೂ ಜನ ಮಲಗಿದ್ರೆ ಬಿಲ್ಲು ಯಾರ ತಲೆ ಮೇಲೆ?"

ಇಬ್ಬರೂ ಅದೇ ರಾಶಿಗೆ ಬೆರಳು ತೋರಿಸಿದರು. ದೂರದಿಂದ. ಹೆಕ್ಕಲು ಮನೆಯ ಒಲೆ ಪಕ್ಕದಿಂದ ಮತ್ತೆ ಇಕ್ಕಳ ಬರಬೇಕಾಯಿತು.

ಚೀಟಿಗಳಲ್ಲಿ ಮೂರು ಬೇಕು, ಮೂರು ಬೇಡ. ತೀರ್ಮಾನವಾಗದ ಕಾರಣ ಚರ್ಚೆ ಮುಂದಿನ ತಿಂಗಳಿಗೆ ಹೋಯಿತು, ಪೆಟ್ಟಿಗೆ ಅದೇ ಗೋಡೆಗೆ ಹೋಯಿತು. ಸುರಕ್ಷತೆಗೆಂದು ತೆರಿಗೆದಾರರ ದುಡ್ಡಿನಲ್ಲಿ ಒಂದು ಜೊತೆ ದಪ್ಪ ಚರ್ಮದ ಕೈಗವಸೂ ಬಂತು. ಅಧಿಕಾರಿಗೆ.

ಅಮ್ಮ ಎರಡು ದಿನ ಮಗನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಬಕೆಟ್ಟಿಗೆ ನೀರು ಬಿಡುತ್ತಾ, ಅವನ ಕಡೆ ನೋಡದೆ ಕೇಳಿದಳು:

"ಆ ಚರ್ಚೆ ಯಾವಾಗ ಮುಗಿಯುತ್ತಂತೆ?"

"ಇಬ್ಬರಲ್ಲಿ ಒಬ್ಬರು ಗೆದ್ರೆ ಮುಗೀತು."

"ಮುಗಿದ್ರೆ ಪೆಟ್ಟಿಗೆ?"

"ಕಿತ್ಕೊಂಡು ಹೋಗ್ತಾರೆ."

ಅಮ್ಮ ನಲ್ಲಿ ನಿಲ್ಲಿಸಿದಳು. "ಮತ್ತೆ ನೀನ್ಯಾಕೆ ಸುಮ್ನೆ ಕೂತಿದ್ದೀಯ?"

ಇಕ್ಕಳ ಟೈಲರನ ಹತ್ತಿರ ಪೆನ್ನು ಕೇಳಿ ತಂದ. ಒಂದು ಚೀಟಿಯಲ್ಲಿ ಬೇಕು ಎಂದು ಬರೆದ, ಇನ್ನೊಂದರಲ್ಲಿ ಬೇಡ ಎಂದು ಬರೆದ. ಎರಡನ್ನೂ ಒಟ್ಟಿಗೆ ಕಂಡಿಯೊಳಗೆ ಇಳಿಸಿ, ಬಕೆಟ್ಟು ಎತ್ತಿಕೊಂಡು ಕೆಲಸಕ್ಕೆ ಹೋದ.